ಜರೀನಾಳ ರೊಟ್ಟಿ, ಸಾಹುಕಾರರ ಗಾಡಿ

ಹನುಮಸಾಗರದಲ್ಲಿ ಇಬ್ರಾಹಿಂಸಾಬನ ಮನೆ ಯಾವುದೆಂದು ಈಗ ಯಾರನ್ನೂ ಕೇಳಬೇಕಾಗಿಲ್ಲ. ಮಸೀದಿಯ ಹಿಂದಿನ ಓಣಿ ಹೊಕ್ಕು ಇಪ್ಪತ್ತು ಹೆಜ್ಜೆ ನಡೆದರೆ ಓಣಿಯೇ ಮುಗಿದುಹೋಯಿತೇನೋ ಅನ್ನಿಸುತ್ತದೆ. ಮುಗಿದಿಲ್ಲ, ಗಾಡಿ ಅಡ್ಡ ನಿಂತಿದೆ. ಎರಡು ಎಮ್ಮೆ ಒತ್ತೊತ್ತಿಗೆ ನಿಂತಷ್ಟು ಅಗಲ, ಆಳೆತ್ತರ, ಕಪ್ಪು ಬಣ್ಣ, ಒಳಗೆ ಕಂದು ಚರ್ಮದ ಸೀಟು. ಹೊರದೇಶದ ಕಂಪನಿಯದು. ಅಂಥ ಗಾಡಿಯನ್ನು ಊರಿನವರು ಚುನಾವಣೆ ಹೊತ್ತಿಗೆ ದೂರದಿಂದ ನೋಡಿದ್ದರೇ ಹೊರತು, ಅದರ ಗಾಲಿಗೆ ಒರಗಿ ಕೋಳಿ ನಿದ್ದೆ ಮಾಡುವುದನ್ನು ನೋಡಿರಲಿಲ್ಲ.

ಗಾಡಿ ಬಂದ ಕಥೆ ಸಣ್ಣದು. ಇಬ್ರಾಹಿಂಸಾಬ ಗಂಗಾವತಿಯ ಅಕ್ಕಿ ಗಿರಣಿ ಸಾಹುಕಾರರೊಬ್ಬರಿಗೆ ಇಪ್ಪತ್ತಾರು ವರ್ಷ ಡ್ರೈವರ್ ಆಗಿದ್ದವನು. ಜೀಪಿನಿಂದ ಹಿಡಿದು ಈ ಕಪ್ಪು ಗಾಡಿಯ ತನಕ ಐದಾರು ಗಾಡಿ ಬದಲಾದವು, ಡ್ರೈವರ್ ಬದಲಾಗಲಿಲ್ಲ. ಸಾಹುಕಾರರು ತೀರಿಕೊಂಡ ಮೇಲೆ ಅವರ ಹೆಂಡತಿ ಶಾಂಭವಿಯಮ್ಮ ಅವನನ್ನು ಕರೆಸಿದರು. ಮಕ್ಕಳಿಗೆ ಹೊಸ ಗಾಡಿಗಳಿವೆ, ಹನ್ನೆರಡು ವರ್ಷ ಹಳೆಯದಾದ ಇದನ್ನು ಗುಜರಿಗೆ ಕೊಡಲು ಮನಸ್ಸು ಬಾರದು, ನೀವೇ ಇಟ್ಟುಕೊಳ್ಳಿ ಎಂದು ಕೀಲಿಯನ್ನೂ ಕಾಗದವನ್ನೂ ಕೈಗಿಟ್ಟರು. ಅರವತ್ತು ದಾಟಿದ ಗಂಡಸು ಗಿರಣಿಯ ಹಮಾಲರೆಲ್ಲರ ಮುಂದೆ ಗೊಳೋ ಎಂದು ಅತ್ತುಬಿಟ್ಟ. ಅದನ್ನು ಅವನೇನೂ ಮುಚ್ಚಿಡುವುದಿಲ್ಲ, ಕೇಳಿದವರಿಗೆಲ್ಲ ಹೇಳುತ್ತಾನೆ.

ನಿಜವಾಗಿ ಅಳಬೇಕಾದವಳು ಅವನ ಹೆಂಡತಿ ಶಹನಾಜಬೇಗಂ. ಬಿಳಿ ಬೋರ್ಡಿನ ನಾಲ್ಕು ಗಾಲಿ ಅಂಗಳಕ್ಕೆ ಬಂದ ಕೆಲವೇ ತಿಂಗಳಿಗೆ ಮನೆಯ ಬಿಪಿಎಲ್ ಕಾರ್ಡು ರದ್ದಾಯಿತು. ಕಾರಿದ್ದವರಿಗೆ ಪುಕ್ಕಟೆ ಅಕ್ಕಿ ಯಾಕೆ ಎಂದು ಸರ್ಕಾರ ಕೇಳಿದರೆ ತಪ್ಪೇನು? ಗಾಡಿ ಅಕ್ಕಿ ತಿನ್ನುವುದಿಲ್ಲ, ಡೀಸೆಲ್ ಕುಡಿಯುತ್ತದೆ, ಅದೂ ಎಮ್ಮೆ ಕಲಗಚ್ಚು ಕುಡಿದಂತೆ ಎಂಬುದು ಸರ್ಕಾರಕ್ಕೆ ಹೇಗೆ ಗೊತ್ತಾಗಬೇಕು. ಮುಂದಿನ ದೀಪ ಒಂದು ಹೋದದ್ದಕ್ಕೆ ಹುಬ್ಬಳ್ಳಿಯ ಶೋರೂಮಿಗೆ ಮೂರು ಸಲ ಫೋನು ಮಾಡಬೇಕಾಯಿತು. ಓಣಿಯಲ್ಲಿ ಮದುವೆ ಎದ್ದರೆ ಮದುಮಗನನ್ನು ಕೂರಿಸಲು ಗಾಡಿ ಬೇಕೇ ಬೇಕು, ಇಲ್ಲ ಎಂದರೆ ಬೀಗರಿಗಿಂತ ಹೆಚ್ಚು ಮುನಿಸು. ಮೊಣಕಾಲು ಹಿಡಿದ ಶಹನಾಜಬೇಗಂ ಅದನ್ನು ಹತ್ತಬೇಕಾದರೆ ಮನೆಯಿಂದ ಸ್ಟೂಲು ತರಬೇಕು. ಹತ್ತಿದ ಮೇಲೆ ಸ್ಟೂಲನ್ನೂ ಒಳಗೆ ಹಾಕಿಕೊಳ್ಳಬೇಕು, ಇಳಿಯಲು ಮತ್ತೆ ಬೇಕಲ್ಲ!

ಹಾಗೆಂದು ಬರೀ ದೂರು ಹೇಳಿದರೆ ಅನ್ಯಾಯವಾದೀತು. ಹಳ್ಳ ತುಂಬಿ ಬಸ್ಸು ಆಚೆ ದಂಡೆಯಲ್ಲೇ ನಿಂತ ದಿನವೂ ಈ ಗಾಡಿ ನೀರು ಸೀಳಿಕೊಂಡು ಬಂದಿದೆ. ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನು ಹಗ್ಗ ಕಟ್ಟಿ ಎಳೆದು ಹಾಕಿದೆ. ಪಕ್ಕದ ಮನೆಯ ಮುದುಕಮ್ಮನ ಹರಕೆಗೆಂದು ಏಳು ಜನರನ್ನು ಹೇಮಗುಡ್ಡದ ದೇವಿಯ ಗುಡಿಗೆ ಒಯ್ದಾಗ, ಅಷ್ಟು ದೂರ ಹೋಗಿ ಬಂದರೂ ಸೊಂಟ ಹಿಡಿಯಲಿಲ್ಲ ಎಂದು ಮುದುಕಮ್ಮ ದೇವಿಗಿಂತ ಹೆಚ್ಚು ಗಾಡಿಯನ್ನೇ ಹೊಗಳಿದಳು. ಇಬ್ರಾಹಿಂಸಾಬನಿಗೆ ಅಷ್ಟು ಸಾಕು. ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದು ಒಣಬಟ್ಟೆಯಿಂದ ಒಳಗೆ ಹೊರಗೆ ಒರೆಸುತ್ತಾನೆ, ಸೀಟಿನ ಮೇಲೆ ಚಾದರ ಹಾಸುತ್ತಾನೆ, ಬಾಗಿಲು ಮುಚ್ಚುತ್ತಾನೆ. ವಾರಕ್ಕೊಮ್ಮೆ ಓಡಿಸಿದರೆ ಹೆಚ್ಚು.

ಇದನ್ನೆಲ್ಲ ಒಲೆಯ ಮುಂದೆ ಕೂತು ನೋಡುತ್ತಿದ್ದವಳು ಮಗಳು ಜರೀನಾ. ಅವಳನ್ನು ಲಿಂಗಸೂಗೂರಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದ ದಿನವೇ ಟ್ರಂಕು ಎತ್ತಿಕೊಂಡು ತವರಿಗೆ ಬಂದವಳು, ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಬಂದ ಮೊದಲ ವರ್ಷ ಉಳ್ಳಾಗಡ್ಡಿ ಹೊಲಕ್ಕೆ ಕಳೆ ತೆಗೆಯಲು ಹೋದಳು. ಎರಡನೆಯ ವರ್ಷ ಮುದುಕಮ್ಮನ ಜೊತೆ ಸೇರಿ ಹಿತ್ತಲಲ್ಲಿ ಎರಡು ಒಲೆ ಹಾಕಿ ಜೋಳದ ಖಡಕ್ ರೊಟ್ಟಿ ಮಾಡಲು ಕೂತಳು. ಕೈಯಲ್ಲೇ ಬಡಿದು, ಹೆಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ರೊಟ್ಟಿ. ಕೈಯಿಂದ ಮುರಿದರೆ ಕಟ್ ಎಂದು ಸದ್ದಾಗಬೇಕು, ಇಲ್ಲದಿದ್ದರೆ ಅದು ಖಡಕ್ ಅಲ್ಲ. ಎರಡು ಒಲೆ ಈಗ ಐದಾಗಿವೆ, ಇಬ್ಬರು ಎಂಟು ಜನರಾಗಿದ್ದಾರೆ. ಆ ಎಂಟರಲ್ಲಿ ಆರು ಮಂದಿ ಜರೀನಾಳ ಮಾತು ನಂಬಿ ಹೊಲದ ಕೂಲಿ ಬಿಟ್ಟು ಬಂದವರು. ಅದು ಅವಳ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ಯಾಕೆಂದರೆ ರೊಟ್ಟಿಗೆ ಗಿರಾಕಿ ಇತ್ತು, ಆದರೆ ಗಿರಾಕಿಯ ಕೈಗೆ ಮುಟ್ಟುವಷ್ಟರಲ್ಲಿ ರೊಟ್ಟಿ ಇರುತ್ತಿರಲಿಲ್ಲ. ಗಿಣಿಗೇರಿ ಹತ್ತಿರದ ಒಂದು ಕಬ್ಬಿಣದ ಫ್ಯಾಕ್ಟರಿಯ ಕ್ಯಾಂಟೀನಿಗೆ ದಿನಾ ನಾನೂರು ರೊಟ್ಟಿ ಬೇಕಾಗಿತ್ತು. ಕ್ಯಾಂಟೀನ್ ನೋಡಿಕೊಳ್ಳುವ ದೇವೇಂದ್ರಪ್ಪ ಒಳ್ಳೆಯ ಮನುಷ್ಯನೇ, ಆದರೆ ಕಟ್ಟುನಿಟ್ಟು. ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದರೆ ಕೂಲಿಯವರು ತನ್ನ ಮುಖಕ್ಕೇ ಎಸೆಯುತ್ತಾರೆ, ನೂರಕ್ಕೆ ಐದು ಮುರಿದರೆ ನಡೆಯುತ್ತದೆ, ಹೆಚ್ಚಾದರೆ ಬೇಡ ಎಂದಿದ್ದ. ಮೊದಲ ಸಲ ಬಸ್ಸಿನಲ್ಲಿ ಕಳಿಸಿದರು. ಹನುಮಸಾಗರದಿಂದ ಕುಷ್ಟಗಿಯ ತನಕದ ತಗ್ಗು-ದಿಣ್ಣೆಯಲ್ಲಿ ಮೂರನೆಯ ಪಾಲು ನುಚ್ಚಾಯಿತು. ಎರಡನೆಯ ಸಲ ಬಾಡಿಗೆ ಟೆಂಪೊ ಮಾಡಿ, ಕೆಳಗೆ ಹುಲ್ಲು ಹಾಸಿ, ಜರೀನಾ ತಾನೇ ಗಂಟುಗಳ ನಡುವೆ ಕೂತು ಹೋದಳು. ಆದರೂ ಎಂಬತ್ತು ಮುರಿದವು. ದೇವೇಂದ್ರಪ್ಪ ಬೈಯಲಿಲ್ಲ. ಸೋಮವಾರ ಇನ್ನೊಂದು ಸಲ ನೋಡುವುದಾಗಿಯೂ, ಅದೂ ಸರಿಬರದಿದ್ದರೆ ಕುಕನೂರು ಕಡೆಯ ಹೆಣ್ಣುಮಕ್ಕಳಿಗೆ ಆರ್ಡರು ಕೊಟ್ಟುಬಿಡುವುದಾಗಿಯೂ ಹೇಳಿದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆ ವಾರವೇ ಶಹನಾಜಬೇಗಂಳ ಮೊಣಕಾಲು ತೋರಿಸಲು ಕುಷ್ಟಗಿ ದವಾಖಾನೆಗೆ ಹೋಗಬೇಕಾಗಿ ಬಂತು. ಅಪ್ಪ ಗಾಡಿ ತೆಗೆದ. ದಾರಿಯಲ್ಲಿ ತಿನ್ನಲೆಂದು ಜರೀನಾ ಹತ್ತು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಹೋಗುವಾಗ ಯಾರಿಗೂ ಹಸಿವಾಗಲಿಲ್ಲ, ಬರುವಾಗ ದವಾಖಾನೆಯ ಗದ್ದಲದಲ್ಲಿ ಮರೆತೇಹೋಯಿತು. ಮನೆಗೆ ಬಂದು ಗಂಟು ಬಿಚ್ಚಿದವಳು ಎಣಿಸಿದಳು, ಮತ್ತೆ ಎಣಿಸಿದಳು. ಅದೇ ತಗ್ಗು, ಅದೇ ದಿಣ್ಣೆ, ಹೋಗಿ ಬಂದು ಐವತ್ತು ಕಿಲೋಮೀಟರಿಗೂ ಹೆಚ್ಚು. ಒಂದೇ ಒಂದು ರೊಟ್ಟಿಯ ಅಂಚು ಕೂಡ ಹಾರಿರಲಿಲ್ಲ. ತಗ್ಗಿಗೆ ಇಳಿದದ್ದೂ ಗೊತ್ತಾಗದ ಹಾಗೆ ತೇಲಿಸಿಕೊಂಡು ಹೋಗುವ ಗಾಡಿ ಮನೆ ಬಾಗಿಲಲ್ಲಿ ಚಾದರ ಹೊದ್ದು ಮಲಗಿದೆ, ತಾನು ಟೆಂಪೊದವನ ಕೈಕಾಲು ಹಿಡಿಯುತ್ತಿದ್ದೇನೆ! ಅವಳಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಆ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದಾಗ ಮಾತ್ರ ಅಪ್ಪ-ಮಗಳು ಇಬ್ಬರೂ ಪೂರಾ ಕನ್ನಡಕ್ಕೆ ಇಳಿಯುತ್ತಾರೆ, ಓಣಿಯವರಿಗೂ ತಿಳಿಯಲಿ ಎಂಬಂತೆ. ಜರೀನಾ ಗಾಡಿ ಕೇಳಿದ ದಿನ ಇಬ್ರಾಹಿಂಸಾಬ ಕನ್ನಡದಲ್ಲೇ ಉತ್ತರ ಕೊಟ್ಟ.

"ಸಾಹುಕಾರ್ರು ಕುಂತ ಸೀಟಿನ ಮ್ಯಾಲ ರೊಟ್ಟಿ ಗಂಟ ಇಡಂಗಿಲ್ಲ. ಬ್ಯಾರೆ ಏನರ ಕೇಳು."

ಬೇರೆ ಏನು ಕೇಳುವುದು? ಅವಳು ವಾದಕ್ಕೆ ಕೂರಲಿಲ್ಲ. ಅಪ್ಪನ ಜೊತೆ ವಾದಕ್ಕಿಳಿದು ಗೆದ್ದವರು ಆ ಮನೆಯಲ್ಲಿ ಯಾರೂ ಇಲ್ಲ. ಸೀದಾ ಹೋಗಿ ಅಪ್ಪನ ಫೋನು ತೆಗೆದುಕೊಂಡು ಗಂಗಾವತಿಗೆ, ಶಾಂಭವಿಯಮ್ಮನವರಿಗೇ ಹಚ್ಚಿದಳು. ಇಬ್ರಾಹಿಂಸಾಬ ಬಾಯಿ ತೆರೆದುಕೊಂಡು ನಿಂತ. ಅವನು ಆ ನಂಬರಿಗೆ ಹಬ್ಬಕ್ಕೊಮ್ಮೆ ಸಲಾಮು ಹೇಳಲು ಬಿಟ್ಟರೆ ಫೋನು ಮಾಡಿದವನಲ್ಲ. ಜರೀನಾ ಸುತ್ತುಬಳಸದೆ ಕೇಳಿದಳು. ಹೀಗೆ ಹೀಗೆ ರೊಟ್ಟಿ ಕೆಲಸ ಮಾಡುತ್ತೇವೆ, ಎಂಟು ಮನೆಯ ಮಾತು, ಸಾಹುಕಾರರ ಗಾಡಿಯಲ್ಲಿ ರೊಟ್ಟಿ ಒಯ್ದರೆ ಅವರ ಹೆಸರಿಗೆ ಕುಂದಾಗುತ್ತದೆಯೇ, ಆಗುತ್ತದೆ ಎಂದರೆ ನಾನು ಮುಟ್ಟುವುದಿಲ್ಲ. ಅಷ್ಟು ಕೇಳಿ ಶಾಂಭವಿಯಮ್ಮ ಫೋನು ಅಪ್ಪನಿಗೆ ಕೊಡಲು ಹೇಳಿದರು.

"ಇಬ್ರಾಹಿಂಸಾಬ್ರ, ಗಾಡಿ ಕೊಟ್ಟಿದ್ದು ಓಡಸಾಕ್ರಿ. ಕಾಯಾಕಲ್ಲ."

ಇಬ್ರಾಹಿಂಸಾಬ ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿ ಫೋನಿಟ್ಟ. ಮಗಳ ಜೊತೆ ಎರಡು ದಿನ ಮಾತು ಬಿಟ್ಟ. ಆದರೆ ಶನಿವಾರ ಸಂಜೆ ಗಾಡಿಗೆ ಗಾಳಿ ಹಿಡಿಸಿಕೊಂಡು ಬಂದ, ಡೀಸೆಲ್ ತುಂಬಿಸಿಕೊಂಡು ಬಂದ. ಒಪ್ಪಿಗೆ ಎಂದರೆ ಅದೇ, ಇನ್ನೇನು ಬರೆದು ಕೊಡುತ್ತಾನೆಯೇ?

ಭಾನುವಾರ ಐದೂ ಒಲೆ ಹೊತ್ತಿದವು. ಶ್ರಾವಣದ ಮೋಡ, ಬಿಸಿಲೇ ಇಲ್ಲ, ರೊಟ್ಟಿಯನ್ನು ಕೆಂಡದ ಕಾವಿನಲ್ಲೇ ಒಣಗಿಸಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ರಾಹಿಂಸಾಬ ಯಾರದೋ ಮದುವೆ ಮಾತುಕತೆಗೆಂದು ಕುಷ್ಟಗಿಗೆ ಬಸ್ಸಿನಲ್ಲಿ ಹೋದ. ಆಗ ಮುದುಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಗಾಡಿಯ ಹಿಂದಿನ ಬಾಗಿಲು ತೆಗೆಸಿ ಒಳಗೆ ಇಣುಕಿದಳು. ಅವಳ ಮುಖ ಸಣ್ಣದಾಯಿತು.

"ಚಪ್ಪಲಿ ಕಾಲಿಟ್ಟ ಜಾಗದಾಗ ಉಣ್ಣೂ ರೊಟ್ಟಿ ಇಡ್ತೀಯೇನವಾ ಜರೀನಾ?"

ಈ ಮಾತಿಗೆ ಎದುರು ಹೇಳುವವರು ಆ ಎಂಟು ಮಂದಿಯಲ್ಲಿ ಯಾರಿದ್ದರು? ರೊಟ್ಟಿ ಇಡುವ ಜಾಗವನ್ನು ತೊಳೆದು ಸಾರಿಸದೆ ರೊಟ್ಟಿ ಇಟ್ಟ ಮನೆ ಆ ಸೀಮೆಯಲ್ಲೇ ಇಲ್ಲ. ಹಬ್ಬದ ಮನೆ ತೊಳೆಯುವಂತೆ ತೊಳೆದರು. ಕೊಡಗಟ್ಟಲೆ ನೀರು ಹೊಯ್ದರು, ಸೋಪಿನ ಪುಡಿ ಹಾಕಿ ತಿಕ್ಕಿದರು, ಹಾಸಿದ್ದ ದಪ್ಪ ಕಾರ್ಪೆಟ್ಟನ್ನು ಅಲ್ಲೇ ಇಟ್ಟು ಕೈಯಿಂದ ಹಿಂಡಿದರು, ಒಣಬಟ್ಟೆಯಿಂದ ಒರೆಸಿದರು. ಜರೀನಾ ತಾನೇ ಎರಡು ಕೊಡ ತಂದು ಹೊಯ್ದಳು. ಸಂಜೆಗೆ ಮೇಲೆ ಕೈಯಿಟ್ಟು ನೋಡಿದರೆ ಒಣಗಿದ ಹಾಗೇ ಇತ್ತು. ಗಮಗಮ ವಾಸನೆ ಬೇರೆ.

ಸೋಮವಾರ ಏಳು ಗಂಟೆಗೆ ಇಪ್ಪತ್ತೈದರ ಹದಿನಾರು ಗಂಟುಗಳು ಒಳಗೆ ಹೋದವು. ಗಾಜು ಏರಿಸಿ, ಮಳೆಹನಿ ಒಳಗೆ ಬಾರದ ಹಾಗೆ ಮಾಡಿ, ಅಪ್ಪ-ಮಗಳು ಹೊರಟರು. ಕುಷ್ಟಗಿಯ ತನಕ ಇಬ್ರಾಹಿಂಸಾಬ ಪ್ರತಿ ತಗ್ಗಿಗೂ ಸಾಹುಕಾರರೇ ಹಿಂದೆ ಕೂತಿದ್ದಾರೇನೋ ಎಂಬಂತೆ ಮೆಲ್ಲಗೆ ಇಳಿಸಿ ಮೆಲ್ಲಗೆ ಏರಿಸಿದ. ಜರೀನಾ ಹಿಂದೆ ತಿರುಗಿ ತಿರುಗಿ ನೋಡಿದಳು. ಗಂಟುಗಳು ಅಲ್ಲಾಡಲೂ ಇಲ್ಲ. ಅವಳ ಎದೆ ಹಗುರವಾಗತೊಡಗಿತು.

ಕುಷ್ಟಗಿ ದಾಟಿ ಹೆದ್ದಾರಿಗೆ ಹತ್ತುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಯಿತು. ಇಬ್ರಾಹಿಂಸಾಬ ಕೈಯಿಂದ ಒರೆಸಿದ, ಮತ್ತೆ ಮಬ್ಬಾಯಿತು. ಪಕ್ಕದ ಗಾಜೂ ಬೆವೆತಿತ್ತು. ಅವನು ಬ್ರೇಕು ಹಾಕಿ ಗಾಡಿಯನ್ನು ಬದಿಗೆ ನಿಲ್ಲಿಸಿ, ಬಗ್ಗಿ ಕಾಲಕೆಳಗಿನ ಕಾರ್ಪೆಟ್ಟನ್ನು ಒತ್ತಿ ನೋಡಿದ. ಬೆರಳ ಸಂದಿಯಲ್ಲಿ ನೀರು ಬಂತು.

"ಗಾಡಿಗೆ ನೀರ ಯಾರ ಹಾಕಿದ್ರು?"

ಜರೀನಾ ಇಳಿದು ಓಡಿ ಹಿಂದಿನ ಬಾಗಿಲು ತೆಗೆದಳು, ಒಂದು ಗಂಟು ಬಿಚ್ಚಿ ರೊಟ್ಟಿ ಕೈಗೆತ್ತಿಕೊಂಡು ಮುರಿದಳು. ರೊಟ್ಟಿ ಮುರಿಯಲಿಲ್ಲ, ಬಗ್ಗಿತು. ಇನ್ನೊಂದು ಗಂಟಿನದೂ ಬಗ್ಗಿತು. ಕಾರ್ಪೆಟ್ಟಿನ ಅಡಿಯಲ್ಲಿ ನಿಂತ ನೀರು ಮುಚ್ಚಿದ ಗಾಡಿಯೊಳಗೆ ಹಬೆಯಾಗಿ, ನಾನೂರು ಖಡಕ್ ರೊಟ್ಟಿಯನ್ನೂ ಹಿಡಿದುಬಿಟ್ಟಿತ್ತು. ಒಂದೂ ಮುರಿಯದೆ ಬಂದಿದ್ದವು, ಒಂದೂ ಕೆಲಸಕ್ಕೆ ಬಾರದೆ ಬಂದಿದ್ದವು. ಅವಳಿಗೆ ಅಲ್ಲೇ ರಸ್ತೆಯ ಮೇಲೆ ಕೂತುಬಿಡಬೇಕು ಅನ್ನಿಸಿತು. ಟ್ರ್ಯಾಕ್ಟರು ತೊಳೆದ ಹಾಗೆ ಇಂಥ ಗಾಡಿಯನ್ನು ತೊಳೆಯುತ್ತಾರೆಯೇ, ಸೀಟಿನ ಕೆಳಗೆ ಏನೇನು ವೈರು ಇವೆ ಗೊತ್ತೇ ಎಂದು ಅಪ್ಪ ಒಂದೇ ಸಮ ಬೈಯುತ್ತಿದ್ದ. ಬೈದು ಮುಗಿಸಿ, ಇನ್ನು ಹೋಗಿ ಮಾಡುವುದೇನು, ಮನೆಗೆ ತಿರುಗೋಣ ಎಂದ.

"ಬ್ಯಾಡ ಅಬ್ಬಾ. ಈಗ ತಿರುಗಿದ್ರ ಅವರೆಲ್ಲಾ ಮತ್ತ ಹೊಲದ ಕೂಲಿಗೆ ಹೋಗಬೇಕು, ನನ್ನ ಮಾತು ಕೇಳಿದ ತಪ್ಪಿಗೆ. ನನಗ ಒಣಾ ಬಿಸಿಗಾಳಿ ಬೇಕು. ಎಲ್ಲಿಂದರ ಕೊಡು."

ಒಲೆಯ ಮುಂದೆ ಕೂತು ಕೂತು ಅವಳಿಗೆ ಅದೊಂದು ಗೊತ್ತಿತ್ತು. ಮೆತ್ತಗಾದ ರೊಟ್ಟಿ ಸತ್ತಿರುವುದಿಲ್ಲ. ಕಾವು ತಗುಲಬೇಕು, ಹಬೆ ಹೊರಗೆ ಹೋಗಬೇಕು, ಅಷ್ಟೇ. ಇಬ್ರಾಹಿಂಸಾಬ ಮಗಳನ್ನು ನೋಡಿದ. ಬೆಳಗಿನಿಂದ ಮೊದಲ ಸಲ ಸರಿಯಾಗಿ ನೋಡಿದ. ಆಮೇಲೆ ಒಳಗೆ ಕೈಹಾಕಿ, ಗೇರಿನ ಪಕ್ಕದಲ್ಲಿದ್ದ ಒಂದು ಬಟನ್ನು ತೋರಿಸಿದ.

"ಇದು ಸೀಟು ಕಾಯಿಸೂ ಬಟನ್. ಚಳಿ ದೇಶದವರ ಸಲುವಾಗಿ ಮಾಡ್ಯಾರ. ಹದಿಮೂರ ವರ್ಷದ ಮ್ಯಾಲಾತು, ಒಮ್ಮೆನೂ ಒತ್ತಿಲ್ಲ."

ನಮ್ಮ ಗಂಗಾವತಿ ಬಿಸಿಲಿನಲ್ಲಿ ಕುಂಡೆ ಕಾಯಿಸಿಕೊಳ್ಳುವ ಬಟನ್ನು ಯಾವ ಹುಚ್ಚ ಒತ್ತುತ್ತಾನೆ! ಇಬ್ಬರೂ ಕೆಲಸಕ್ಕೆ ಬಿದ್ದರು. ಹಿಂದಿನ ಕಾರ್ಪೆಟ್ಟನ್ನು ಕಿತ್ತು, ಕಾಲ್ಚಾಪೆಗಳನ್ನು ಕಿತ್ತು, ಸುತ್ತಿ ಗಾಡಿಯ ನೆತ್ತಿಗೆ ಹಗ್ಗದಿಂದ ಬಿಗಿದರು. ನೆಲದ ತಗಡನ್ನು ಜರೀನಾ ತನ್ನ ಓಢಣಿಯಿಂದಲೇ ಒರೆಸಿದಳು. ಗಂಟುಗಳನ್ನೆಲ್ಲ ಬಿಚ್ಚಿ, ಹತ್ತು ಹತ್ತರ ಅಟ್ಟಿ ಮಾಡಿ, ಸೀಟುಗಳ ಮೇಲೆ ಹರವಿದರು. ಸಾಹುಕಾರರು ಕೂರುತ್ತಿದ್ದ ಹಿಂದಿನ ಎಡಗಡೆ ಸೀಟಿನ ಮೇಲಿನ ಚಾದರವನ್ನು ಇಬ್ರಾಹಿಂಸಾಬ ತಾನೇ ಎಳೆದು ಬಿಸಾಕಿದ, ಕಾವು ಬೇಗ ತಗುಲಲಿ ಎಂದು. ಇನ್ನೂ ಜಾಗ ಸಾಲದೆ, ಸ್ಟೇರಿಂಗಿನ ಮುಂದೆ ಗಾಜಿನ ಬುಡದಲ್ಲೂ ಇಟ್ಟ. ಒಂದು ಕಾಗದದ ಚೂರು ಇಟ್ಟರೂ ಎತ್ತಿ ಹಾಕುತ್ತಿದ್ದ ಜಾಗ ಅದು.

ಸೀಟುಗಳೆಲ್ಲ ಕಾದವು. ಹೀಟರು ಪೂರ್ತಿ ಏರಿತು. ಜರೀನಾ ಎಲ್ಲಾ ಗಾಜುಗಳನ್ನು ಒಂದು ಬೆರಳಷ್ಟು ಇಳಿಸಲು ಹೇಳಿದಳು, ಹಬೆ ಹೋಗಬೇಕಲ್ಲ. ಗಾಡಿ ಹೊರಟಿತು. ಹತ್ತು ನಿಮಿಷದಲ್ಲಿ ಒಳಗೆ ಒಲೆಯೇ ಆಯಿತು. ಇಬ್ರಾಹಿಂಸಾಬನ ಅಂಗಿ ಬೆನ್ನಿಗೆ ಅಂಟಿತು, ಗಡ್ಡದಿಂದ ಬೆವರು ತೊಟ್ಟಿಕ್ಕಿತು. ಜರೀನಾ ತೊಡೆಯ ಮೇಲೂ ಎರಡು ಅಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಓಡುತ್ತಿದ್ದ ಲಾರಿಯವನು ಮಳೆಯಲ್ಲಿ ತೊಯ್ಯುತ್ತಿದ್ದ ನೆತ್ತಿಯ ಕಾರ್ಪೆಟ್ಟನ್ನೂ, ಒಳಗೆ ಬೇಯುತ್ತಿದ್ದ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಸ್ಟೇರಿಂಗಿನ ಮುಂದಿನ ಮೀಟರಿನಲ್ಲಿ ಎಚ್ಚರಿಕೆಯ ಕೆಂಪು ದೀಪವೊಂದು ಹತ್ತಿತು. ನಿಲ್ಲಿಸಬೇಕೇ ಎಂದು ಜರೀನಾ ಕೇಳಿದಳು. ನಿಂತರೆ ತಾನಾಗಿ ನಿಲ್ಲಲಿ, ನಾವಂತೂ ನಿಲ್ಲಿಸುವುದು ಬೇಡ ಎಂದ ಅಪ್ಪ. ಗಾಡಿ ನಿಲ್ಲಲಿಲ್ಲ. ಹಿಂದಿನ ಒಂದು ಗಾಜು ಮಾತ್ರ ಆ ದಿನ ಬೆರಳಷ್ಟು ಇಳಿದದ್ದು, ಮತ್ತೆ ಏರಲೂ ಇಲ್ಲ, ಇಳಿಯಲೂ ಇಲ್ಲ.

ಹಿಟ್ನಾಳ ಕ್ರಾಸು ದಾಟಿದ ಮೇಲೆ ಜರೀನಾ ತೊಡೆಯ ಮೇಲಿನ ಅಟ್ಟಿಯಿಂದ ಒಂದನ್ನು ತೆಗೆದು ಮುರಿದಳು. ಬಗ್ಗಿ, ಆಮೇಲೆ ಮುರಿಯಿತು. ಅವಳು ಕೈಯಿಂದಲೇ ಇನ್ನೂ ಮೆಲ್ಲಗೆ ಹೋಗು ಎಂದು ಸನ್ನೆ ಮಾಡಿದಳು. ಮುಂದಿನದು ಅದಿರು ಲಾರಿಗಳು ತುಳಿದು ತುಳಿದು ಹೊಂಡ ಮಾಡಿದ ರಸ್ತೆ. ಅದರ ಮೇಲೆ ಇಬ್ರಾಹಿಂಸಾಬ ತನ್ನ ಇಪ್ಪತ್ತಾರು ವರ್ಷದ ಕೈಚಳಕವನ್ನೆಲ್ಲ ತೋರಿಸಿದ. ಫ್ಯಾಕ್ಟರಿಯ ಗೇಟು ಕಂಡಾಗ ಇನ್ನೊಂದು ರೊಟ್ಟಿ ಮುರಿದಳು. ಕಟ್ ಎಂದಿತು. ಇಬ್ರಾಹಿಂಸಾಬ ರಸ್ತೆಯಿಂದ ಕಣ್ಣು ತೆಗೆಯದೆ, ಕೇಳಿಸಿತು ಎಂದ.

ದೇವೇಂದ್ರಪ್ಪ ಸುಮ್ಮನೆ ನಂಬುವವನಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ, ಎಲ್ಲ ಅಟ್ಟಿಗಳನ್ನೂ ಎಣಿಸಿ, ಮುರಿದದ್ದನ್ನು ಬೇರೆ ತೆಗೆದ. ಜರೀನಾ ಮುರಿದು ನೋಡಿದವೂ ಸೇರಿ ಹನ್ನೊಂದು. ನಡುವಿನ ಅಟ್ಟಿಯಿಂದ ಒಂದನ್ನು ಎಳೆದು ತಾನೇ ಮುರಿದ, ಕಿವಿಗೊಟ್ಟು ಕೇಳಿದ, ಬಾಯಿಗೆ ಹಾಕಿಕೊಂಡ. ರೊಟ್ಟಿ ಈಗ ತಾನೇ ಒಲೆಯಿಂದ ತೆಗೆದ ಹಾಗೆ ಬಿಸಿ ಇದೆಯಲ್ಲ, ಹನುಮಸಾಗರದಿಂದ ಇಲ್ಲಿಯ ತನಕ ಹೇಗೆ ಬಿಸಿ ಉಳಿಯಿತು ಎಂದು ಕೇಳಿದ. ಜರೀನಾ ಅದು ನಮ್ಮ ಗುಟ್ಟು ಎಂದಳು. ನಾಳೆಯಿಂದ ದಿನಾ ತನ್ನಿ ಎಂದ ದೇವೇಂದ್ರಪ್ಪ, ದಿನಾ ಒಳಗೆ ಬರಬೇಕಾದರೆ ಗೇಟ್ ಪಾಸು ಬೇಕಾಗುತ್ತದೆಂದು ಪುಸ್ತಕ ಎಳೆದುಕೊಂಡ. ಗಾಡಿಯ ನಂಬರು ಬರೆದ. ಮಾಲಕರ ಹೆಸರು, ಡ್ರೈವರ್ ಹೆಸರು ಎಂದು ಕೇಳಿದ.

ಜರೀನಾ ಅಪ್ಪನ ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಳದ ನೀರಿನಲ್ಲಿ ಮುಖ ತೊಳೆದುಕೊಂಡು ಬಂದಿದ್ದ ಇಬ್ರಾಹಿಂಸಾಬ ಮೇಜಿನ ಹತ್ತಿರ ಬಂದ.

"ಮಾಲಕ್ರು ಜರೀನಾ ಅಂತ ಬರೀರಿ. ಡ್ರೈವರ್ ಇಬ್ರಾಹಿಂಸಾಬ."

ಕಾಗದ ನಿನ್ನ ಹೆಸರಿಗಿದೆಯಲ್ಲ ಎಂದು ಮಗಳು ಮೆಲ್ಲಗೆ ಅಂದಳು.

"ಕಾಗದ ಈ ವಾರದಾಗ ಮಾಡಿಸಿಕೊಡ್ತೀನಿ. ಆ ಗಾಡಿಗೆ ಮಾಲಕ ಆಗೂದು ನನಗ ಬರಲಿಲ್ಲ, ಒಂದೂವರಿ ವರ್ಷ ಬರೇ ಒರಿಸ್ಕೊಂತ ಕುಂತೆ. ಡ್ರೈವರ್ ಕೆಲಸ ಛಲೋ ಬರ್ತೈತಿ."

ಜರೀನಾ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ದೇವೇಂದ್ರಪ್ಪ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು.